ಮಳೆಯಲ್ಲಿ ಮಂಗಳೂರು: ಒಂದು ವಿಮಾನ ಇಳಿಯಿತು, ಹಿಂದಿದ್ದದ್ದು ಬೆಂಗಳೂರಿಗೆ ಹೋಯಿತು. ಯಾಕೆ?

ಕುಡ್ಲದ ಹುಡುಗ:
ಜುಲೈನಲ್ಲಿ ಮಂಗಳೂರಿನ ವಿಮಾನಗಳನ್ನು ಆ್ಯಪ್‌ನಲ್ಲಿ ನೋಡುತ್ತಿರುವವರಿಗೆ ಇದು ಹೊಸದಲ್ಲ. ಒಂದು ವಿಮಾನ ಇಳಿಯುತ್ತದೆ. ಹತ್ತು ನಿಮಿಷ ಹಿಂದಿದ್ದ ಇನ್ನೊಂದು, ವಿಮಾನ ನಿಲ್ದಾಣವಿರುವ ಬಜ್ಪೆ ಹತ್ತಿರದವರೆಗೂ ಬಂದು ಮತ್ತೆ ಮೇಲೇರುತ್ತದೆ, ಒಂದೆರಡು ಸುತ್ತು ಹಾಕಿ ಬೆಂಗಳೂರಿಗೆ ಹೊರಟುಬಿಡುತ್ತದೆ. ಎರಡೂ ಬೋಯಿಂಗ್ 737, ರನ್‌ವೇಯೂ ಅದೇ. ಪೈಲಟ್‌ಗಳು ಇದನ್ನು ಎಲ್ಲಿ, ಯಾವ ಲೆಕ್ಕದ ಮೇಲೆ ತೀರ್ಮಾನಿಸುತ್ತಾರೆ? ಗೊತ್ತಿರುವವರು ಅಂಕಿ ಸಮೇತ ಹೇಳಿ.

ಗ್ಲೈಡ್‌ಸ್ಲೋಪ್:
ಕರಾವಳಿ ಮಳೆಗೆ ಹತ್ತು ನಿಮಿಷ ಬಹಳ ದೊಡ್ಡ ಅವಧಿ. ಸಮುದ್ರದ ಕಡೆಯಿಂದ ಬಂದ ಒಂದು ಜಡಿಮಳೆ ರನ್‌ವೇಯನ್ನು ಮುಚ್ಚಿ ತೆರೆಯಲು ಅಷ್ಟು ಸಾಕು. ಹಾಗಾಗಿ ಎರಡು ವಿಮಾನಗಳಿಗೂ ಸಿಕ್ಕಿದ್ದು ಒಂದೇ ಹವಾಮಾನವಲ್ಲ.

ತೀರ್ಮಾನ ಎರಡು ಕಡೆ ಆಗುತ್ತದೆ. ಮೊದಲನೆಯದು ನೆಲದಿಂದ ಸುಮಾರು 1,000 ಅಡಿ ಎತ್ತರದಲ್ಲಿ. ಟವರ್ ಹೇಳಿದ ಗೋಚರತೆ ಚಾರ್ಟ್‌ನ (ಆ ರನ್‌ವೇಗೆ ಇಳಿಯುವ ದಾರಿಯ ನಕ್ಷೆ) ಕನಿಷ್ಠಕ್ಕಿಂತ ಕಡಿಮೆಯಿದ್ದರೆ ಅಲ್ಲಿಂದ ಕೆಳಗೆ ಬರುವಂತೆಯೇ ಇಲ್ಲ. ಆ ಎತ್ತರ ದಾಟಿದ ಮೇಲೆ ಗೋಚರತೆ ಕುಸಿದರೆ ಮಾತ್ರ ಎರಡನೆಯ ಹಂತದವರೆಗೆ, ಅಂದರೆ ನಿರ್ಧಾರದ ಎತ್ತರದವರೆಗೆ, ಮುಂದುವರಿಯಬಹುದು. ರೇಡಿಯೊ ಸಂಕೇತ ಹಿಡಿದು ರನ್‌ವೇಗೆ ಬರುವ ವ್ಯವಸ್ಥೆಗೆ ಐಎಲ್‌ಎಸ್ ಎನ್ನುತ್ತಾರೆ. ಅದರ ಸಾಮಾನ್ಯ ದರ್ಜೆಯಾದ ಕ್ಯಾಟ್ 1ಕ್ಕೆ ಇದು ಕಡಿಮೆಯೆಂದರೆ 200 ಅಡಿ, ಗೋಚರತೆ 550 ಮೀಟರ್. ಸುತ್ತಲಿನ ಗುಡ್ಡ, ರನ್‌ವೇಗಿಂತ ಮೊದಲೇ ಶುರುವಾಗುವ ಅಪ್ರೋಚ್ ದೀಪಸಾಲಿನ ಉದ್ದ ಇವನ್ನೆಲ್ಲ ನೋಡಿ ಕೆಲವು ಚಾರ್ಟ್‌ಗಳಲ್ಲಿ ಇನ್ನೂ ಹೆಚ್ಚಿಟ್ಟಿರುತ್ತಾರೆ. ಬೆಂಗಳೂರಿನ ದಕ್ಷಿಣ ರನ್‌ವೇ ಕ್ಯಾಟ್ 3ಬಿ, ಅಂದರೆ ಇನ್ನೂ ಮೇಲಿನ ದರ್ಜೆ, ಅಲ್ಲಿ 50 ಮೀಟರ್ ಗೋಚರತೆಯಲ್ಲೂ ಇಳಿಯಬಹುದು. ಆದರೆ ಆ ವ್ಯವಸ್ಥೆ ಇರುವುದು ಡಿಸೆಂಬರ್-ಜನವರಿಯ ಮುಂಜಾನೆ ಮಂಜಿಗೆ. ಗಾಳಿ ಮಳೆಗೆ ಅದು ಮದ್ದಲ್ಲ.

200 ಅಡಿಯಲ್ಲಿ ಏನು ಕಾಣುತ್ತದೆ ಅನ್ನುವುದನ್ನು ಗಮನಿಸಿ. ಮೂರು ಡಿಗ್ರಿ ಇಳಿಜಾರಿನಲ್ಲಿ ಬರುವಾಗ ರನ್‌ವೇ ಅಂಚು ಇನ್ನೂ ಸುಮಾರು 850 ಮೀಟರ್ ಮುಂದಿರುತ್ತದೆ. ಗೋಚರತೆ 550 ಮೀಟರ್ ಇದ್ದರೆ ರನ್‌ವೇ ಕಾಣುವುದೇ ಇಲ್ಲ, ಅಪ್ರೋಚ್ ದೀಪಗಳ ಕೆಲವು ಸಾಲು ಮಾತ್ರ ಕಾಣುತ್ತವೆ. ನಿಯಮದ ಪ್ರಕಾರ ಅಷ್ಟು ಸಾಕು. ಏನೂ ಕಾಣದಿದ್ದರೆ ಅದೇ ಕ್ಷಣ ಗೋ ಅರೌಂಡ್, ಅಂದರೆ ಇಳಿಯುವುದನ್ನು ಬಿಟ್ಟು ಮತ್ತೆ ಮೇಲೇರುವುದು. 737ರಲ್ಲಿ ಎಂಜಿನ್‌ಗೆ ಮೇಲೇರುವ ಶಕ್ತಿ ಕೊಡುವ ಟೋಗಾ ಗುಂಡಿ ಒತ್ತಿ, ಮೂತಿ ಸುಮಾರು 15 ಡಿಗ್ರಿ ಎತ್ತಿ, ರೆಕ್ಕೆಯ ಹಿಂಬದಿ ಪಟ್ಟಿಗಳಾದ ಫ್ಲಾಪ್ 15ಕ್ಕೆ ತಂದು, ಏರುತ್ತಿರುವುದು ಖಚಿತವಾದ ಮೇಲೆ ಗೇರ್ (ಚಕ್ರಗಳು) ಒಳಗೆ. "ಇನ್ನೊಂದೆರಡು ಸೆಕೆಂಡ್ ನೋಡೋಣ" ಅನ್ನುವಂತಿಲ್ಲ. ನಿಮಿಷಕ್ಕೆ 700 ಅಡಿ ಇಳಿಯುತ್ತಿರುವಾಗ 200 ಅಡಿ ಅಂದರೆ ಬರೀ 17 ಸೆಕೆಂಡ್.

ದೀಪ ಕಂಡ ಮೇಲೂ ಅಪಾಯ ಮುಗಿಯುವುದಿಲ್ಲ. ಗಾಜಿನ ಮೇಲೆ ನೀರು ಹರಿಯುತ್ತಿದ್ದರೆ ವಿಮಾನ ಇರುವುದಕ್ಕಿಂತ ಮೇಲಿದ್ದಂತೆ ಕಾಣುತ್ತದೆ. ಕೈ ತಾನಾಗಿಯೇ ಮೂತಿಯನ್ನು ಕೆಳಗೆ ತಳ್ಳುತ್ತದೆ, ರನ್‌ವೇಗಿಂತ ಮೊದಲೇ ನೆಲ ತಾಗುವ ಅಪಘಾತಗಳಿಗೆ ಇದೂ ಒಂದು ಕಾರಣ. ಅದಕ್ಕೇ ಒಬ್ಬರು ಹೊರಗೆ ನೋಡುವಾಗ ಇನ್ನೊಬ್ಬರ ಕಣ್ಣು ಮೀಟರ್‌ಗಳ ಮೇಲೆಯೇ ಇರಬೇಕು.

ಬಲಗಡೆ ಸೀಟು:
ಮೇಲಿನವರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ, ನನ್ನ ಮಟ್ಟಿಗೆ ಇದೇ ಮುಖ್ಯ. ರನ್‌ವೇ ಚೆನ್ನಾಗಿ ಕಂಡರೂ ಅಪ್ರೋಚ್, ಅಂದರೆ ಇಳಿಯಲು ಬರುವ ರೀತಿ, ಸ್ಥಿರವಾಗಿಲ್ಲದಿದ್ದರೆ ಇಳಿಯಬಾರದು. ಮೋಡದೊಳಗೆ ಬರುವಾಗ 1,000 ಅಡಿಗೆ, ಹೊರಗೆ ಪೂರ್ತಿ ಕಾಣುತ್ತಿದ್ದರೆ 500 ಅಡಿಗೆ ಗೇರ್, ಲ್ಯಾಂಡಿಂಗ್ ಫ್ಲಾಪ್, ಚೆಕ್‌ಲಿಸ್ಟ್ ಎಲ್ಲ ಮುಗಿದಿರಬೇಕು. ವೇಗ ವಿರೆಫ್‌ಗಿಂತ (ಆ ತೂಕಕ್ಕೆ ಲೆಕ್ಕ ಹಾಕಿದ ಇಳಿಯುವ ವೇಗ) ಕಡಿಮೆಯಿರಬಾರದು, ಅದರ ಮೇಲೆ 20 ನಾಟ್ (ಒಂದು ನಾಟ್ ಅಂದರೆ ಗಂಟೆಗೆ ಸುಮಾರು 1.85 ಕಿ.ಮೀ.) ದಾಟಬಾರದು. ಇಳಿಯುವ ದರ ನಿಮಿಷಕ್ಕೆ 1,000 ಅಡಿ ಮೀರಬಾರದು. ಇವುಗಳಲ್ಲಿ ಯಾವುದು ತಪ್ಪಿದರೂ ಗೋ ಅರೌಂಡ್, ಚರ್ಚೆಯಿಲ್ಲ.

2010ರ ಮೇ 22ರಂದು ಮಂಗಳೂರಿನಲ್ಲಿ ಅಪಘಾತವಾದಾಗ ಹವಾಮಾನದ ತೊಂದರೆ ಇರಲಿಲ್ಲ. ವಿಮಾನ ಇಳಿಜಾರಿಗಿಂತ ತುಂಬಾ ಮೇಲಿತ್ತು. ಕೋಪೈಲಟ್ ಮೂರು ಸಲ ಗೋ ಅರೌಂಡ್ ಹೇಳಿದರು, ಕ್ಯಾಪ್ಟನ್ ಮುಂದುವರಿದರು. 8,033 ಅಡಿ ರನ್‌ವೇಯಲ್ಲಿ ಚಕ್ರ ನೆಲ ತಾಗಿದ್ದು ಸುಮಾರು 5,200 ಅಡಿ ಕಳೆದ ಮೇಲೆ. ವೇಗ ತಗ್ಗಿಸಲು ಎಂಜಿನ್ ರಿವರ್ಸ್ ಹಾಕಿದ ನಂತರ ಮತ್ತೆ ಏರಲು ನೋಡಿದರು, ಅದನ್ನಂತೂ ಎಂದೂ ಮಾಡಬಾರದು. 158 ಜನ ಸತ್ತರು.

2020ರ ಆಗಸ್ಟ್ 7ರಂದು ಕೋಝಿಕ್ಕೋಡ್‌ನಲ್ಲಿ ಅಪಘಾತವಾದಾಗ ಮಳೆ ಇತ್ತು. ರನ್‌ವೇ 28ಕ್ಕೆ ಮೊದಲ ಪ್ರಯತ್ನದಲ್ಲಿ ಕ್ಯಾಪ್ಟನ್ ಕಡೆಯ ವೈಪರ್ ನಿಂತುಹೋಗಿ ಗೋ ಅರೌಂಡ್ ಮಾಡಿದರು, ಅಲ್ಲಿಯವರೆಗೆ ಸರಿ. ಎರಡನೆಯ ಸಲ ಅದೇ ರನ್‌ವೇಯ ಇನ್ನೊಂದು ತುದಿಯಿಂದ, ಹಿಂಗಾಳಿ ಇದ್ದ ರನ್‌ವೇ 10ಕ್ಕೆ ಬಂದು, 2,700 ಮೀಟರ್‌ನಲ್ಲಿ ಅರ್ಧ ದಾಟಿದ ಮೇಲೆ ನೆಲ ತಾಗಿದರು. ಅಲ್ಲೂ ಕೋಪೈಲಟ್ ಗೋ ಅರೌಂಡ್ ಹೇಳಿದ್ದರು. ತನಿಖಾ ವರದಿ ಕ್ಯಾಪ್ಟನ್ ಕೇಳಲಿಲ್ಲ ಅನ್ನುವುದಕ್ಕೇ ನಿಲ್ಲಲಿಲ್ಲ, ಕೋಪೈಲಟ್ ನಿಯಂತ್ರಣ ತಮ್ಮ ಕೈಗೆ ತೆಗೆದುಕೊಳ್ಳಲಿಲ್ಲ ಎಂದೂ ಬರೆದಿದೆ. ಗೋ ಅರೌಂಡ್ ಎಂದು ಹೇಳಲು ಇಬ್ಬರಿಗೂ ಸಮಾನ ಅಧಿಕಾರವಿದೆ. ಒಬ್ಬರು ಹೇಳಿದರೆ ಇನ್ನೊಬ್ಬರು ಒಪ್ಪಬೇಕು, ಕಾರಣ ಆಮೇಲೆ ಮೇಲೇರಿ ಮಾತಾಡಿಕೊಳ್ಳಬಹುದು.

ಡಿಸ್ಪ್ಯಾಚ್ ಡೆಸ್ಕ್:
ಒದ್ದೆ ರನ್‌ವೇ ಲೆಕ್ಕ. ಹೊರಡುವ ಮೊದಲೇ ಒಣ ರನ್‌ವೇ ಮೇಲೆ ನಿಲ್ಲಲು ಬೇಕಾದ ದೂರವನ್ನು 1.92ರಿಂದ ಗುಣಿಸುತ್ತೇವೆ. ಮಂಗಳೂರಿನ 2,450 ಮೀಟರ್‌ಗೆ ಅಂದರೆ ತಯಾರಕರ ಪರೀಕ್ಷೆಯಲ್ಲಿ ಒಣ ರನ್‌ವೇ ಮೇಲೆ ಸುಮಾರು 1,276 ಮೀಟರ್‌ನಲ್ಲಿ ನಿಲ್ಲುವಷ್ಟು ತೂಕ ಮಾತ್ರ. 140 ನಾಟ್‌ನಲ್ಲಿ ಒಂದು ಸೆಕೆಂಡ್ ಹೆಚ್ಚು ತೇಲಿದರೆ 70 ಮೀಟರ್ ಹೋಯಿತು. 10 ನಾಟ್ ಹಿಂಗಾಳಿಗೆ ಸುಮಾರು ಐದನೇ ಒಂದು ಭಾಗ ದೂರ ಹೆಚ್ಚು ಬೇಕು. ನೀರು ನಿಂತಿದ್ದರೆ, 200 ಪಿಎಸ್‌ಐ ಗಾಳಿ ಒತ್ತಡದ ಟೈರ್ ಸುಮಾರು 127 ನಾಟ್‌ಗಿಂತ ಮೇಲೆ ನೀರಿನ ಮೇಲೆಯೇ ಜಾರಬಹುದು, ಆಗ ಬ್ರೇಕ್ ಹಿಡಿಯುವುದಿಲ್ಲ. ಮಳೆಯಲ್ಲಿ ಧಡ್ ಎಂದು ಇಳಿಸಿದರೆ ಪೈಲಟ್‌ನ ಬೈಯಬೇಡಿ. ಚಕ್ರ ನೀರನ್ನು ಸೀಳಿ ನೆಲ ಹಿಡಿಯಲಿ ಎಂದೇ ಹಾಗೆ ಇಳಿಸುತ್ತಾರೆ.

ಕುಡ್ಲದ ಹುಡುಗ:
ತುಂಬಾ ಧನ್ಯವಾದ ಸರ್. ಇನ್ನೊಂದು ಪ್ರಶ್ನೆ. ಸುತ್ತು ಹಾಕುತ್ತಿರುವಾಗ ಮಳೆ ನಿಲ್ಲುವಂತೆ ಕಂಡರೂ ಒಮ್ಮೊಮ್ಮೆ ಹೊರಟೇಬಿಡುತ್ತಾರಲ್ಲ?

ಡಿಸ್ಪ್ಯಾಚ್ ಡೆಸ್ಕ್:
ಅದು ಇಂಧನ. ಒಂದು ಉದಾಹರಣೆ ಲೆಕ್ಕ ಹಾಕಿ: ಮಂಗಳೂರಿನ ಮೇಲೆ ಬಂದಾಗ ಟ್ಯಾಂಕ್‌ನಲ್ಲಿ 5,200 ಕಿಲೊ. ಬೆಂಗಳೂರಿಗೆ ಹೋಗಲು 2,100. ಮುಟ್ಟಬಾರದ ಕೊನೆಯ 30 ನಿಮಿಷದ್ದು 1,150. ಉಳಿದದ್ದು 1,950. ಒಂದು ಗೋ ಅರೌಂಡ್ ಮಾಡಿ ಮತ್ತೆ ಸಾಲಿಗೆ ಬರುವಷ್ಟರಲ್ಲಿ 750 ಖರ್ಚು. ಮಿಕ್ಕ 1,200ರಲ್ಲಿ ನಿಮಿಷಕ್ಕೆ 40 ಕಿಲೊದಂತೆ ಅರ್ಧ ಗಂಟೆ ಕಾಯಬಹುದು. ಎರಡನೆಯ ಪ್ರಯತ್ನ ಮಾಡಬೇಕೆಂದರೆ ಆ ಅರ್ಧ ಗಂಟೆಯಿಂದಲೇ 750 ಕಳೆಯಬೇಕು, ಕಾಯಲು ಹನ್ನೊಂದು ನಿಮಿಷ ಉಳಿಯುತ್ತದೆ. ಹೊರಡುವ ಅಂಕಿ 3,250 ಎಂದು ಇಳಿಯಲು ಶುರುಮಾಡುವ ಮೊದಲೇ ಇಬ್ಬರೂ ಬರೆದಿಟ್ಟಿರುತ್ತಾರೆ. ಮೀಟರ್ ಅಲ್ಲಿಗೆ ಬಂದಾಗ ಮಳೆ ಕಡಿಮೆಯಾಗುತ್ತಿದ್ದರೂ ಹೊರಡುವುದೇ ಸರಿ. 2015ರ ಆಗಸ್ಟ್‌ನಲ್ಲಿ ಒಂದು ವಿಮಾನ ಕೊಚ್ಚಿಯಲ್ಲಿ ಇಳಿಯಲಾಗದೆ ತಿರುವನಂತಪುರಕ್ಕೆ ಹೋಗಿ, ಅಲ್ಲೂ ಮತ್ತೆ ಮತ್ತೆ ಪ್ರಯತ್ನಿಸಿ ತೀರಾ ಕಡಿಮೆ ಇಂಧನದಲ್ಲಿ ಇಳಿದಿತ್ತು. ಪಶ್ಚಿಮ ಕರಾವಳಿಯಲ್ಲಿ ಒಂದು ಕಡೆ ಮುಚ್ಚಿದರೆ ಪಕ್ಕದ್ದೂ ಮುಚ್ಚಿರುವ ಸಾಧ್ಯತೆ ಹೆಚ್ಚು. ಹತ್ತಿರದ ಕಣ್ಣೂರು, ಕೋಝಿಕ್ಕೋಡ್ ಬಿಟ್ಟು ಜುಲೈನಲ್ಲಿ ಘಟ್ಟದ ಆಚೆಯ ಬೆಂಗಳೂರನ್ನು ಆರಿಸುವುದು ಇದಕ್ಕೇ. ಏಪ್ರಿಲ್-ಮೇ ಸಂಜೆ ಮಾತ್ರ ಬೆಂಗಳೂರಿನಲ್ಲೇ ಗುಡುಗುಮಳೆ ಇರುತ್ತದೆ, ಆಗ ಲೆಕ್ಕ ಬೇರೆ ಹಾಕಬೇಕು.