ಅವ್ವನ ಜೊತೆ ಷಾಂಪೇನ್ ನೆಲಮಾಳಿಗೆ ನೋಡಬೇಕು, ಒಂದು ದಿನ ಸಾಕಾ?

ವಿರಾಜಪೇಟೆಯವಳು:
ಜೂನ್‌ನಲ್ಲಿ ಅವ್ವನನ್ನು ಪ್ಯಾರಿಸ್‌ಗೆ ಕರೆದುಕೊಂಡು ಹೋಗುತ್ತಿದ್ದೇನೆ. ಅವ್ವ ಪ್ರತಿ ವರ್ಷ ಭರಣಿಯಲ್ಲಿ ದ್ರಾಕ್ಷಿ ವೈನ್ ಹಾಕುತ್ತಾರೆ, ಬಾಯಿಗೆ ಬಟ್ಟೆ ಕಟ್ಟಿ, ದಿನಾ ಮರದ ಸೌಟಲ್ಲಿ ತಿರುಗಿಸಿ. ಹಾಗಾಗಿ ಷಾಂಪೇನ್ ಮಾಡುವ ಹಳೇ ಕಂಪನಿಯೊಂದನ್ನು ತೋರಿಸಲೇಬೇಕು ಅಂತ ಆಸೆ. ಒಂದು ದಿನದಲ್ಲಿ ಆಗುತ್ತಾ? ಅವ್ವನಿಗೆ ಮಂಡಿ ನೋವು ಬೇರೆ.

ಮಡಿಕೇರಿ ಮಳೆ:
ಆರಾಮಾಗಿ ಆಗುತ್ತೆ. ಪ್ಯಾರಿಸ್‌ನಿಂದ ಷಾಂಪೇನ್ ಸೀಮೆಯ ರೀಮ್ಸ್ ಊರಿಗೆ ವೇಗದ ರೈಲಲ್ಲಿ ಸುಮಾರು 45 ನಿಮಿಷ ಅಷ್ಟೇ. ಆದರೆ ಅಲ್ಲಿನ ಪೊಮ್ಮೆರಿ ಅನ್ನೋ ಷಾಂಪೇನ್ ಕಂಪನಿಯ ನೆಲಮಾಳಿಗೆಗೆ 116 ಮೆಟ್ಟಿಲು ಇಳಿಯಬೇಕು, ಬುಕ್ ಮಾಡುವ ಮುಂಚೆ ಮಂಡಿ ವಿಷಯ ಹೇಳಿ ವಿಚಾರಿಸಿ. ಸ್ವೆಟರ್ ಬೇಕೇ ಬೇಕು, ಕೆಳಗೆ ವರ್ಷಪೂರ್ತಿ 10-12 ಡಿಗ್ರಿ. ಸೀಮೆಸುಣ್ಣದಂಥ ಬಿಳಿ ಕಲ್ಲಿನ ಗೋಡೆ, ಮುಟ್ಟಿದರೆ ತಣ್ಣಗೆ, ಒದ್ದೆ ಒದ್ದೆ. ಹಿಂದೆ ಕಟ್ಟಡದ ಕಲ್ಲಿಗಾಗಿ ತೋಡಿದ ಗಣಿಗಳವು.

ತೋಟದ ದಾರಿ:
ಅದೇ ಸೀಮೆಯ ಎಪರ್ನೇ ಊರಲ್ಲಿ ಮೋಯೆಟ್ ಅನ್ನೋ ಷಾಂಪೇನ್ ಕಂಪನಿ ಇದೆ, 1743ರಲ್ಲಿ ಶುರುವಾದದ್ದು, ನೆಲದಡಿ 28 ಕಿಲೋಮೀಟರ್ ಸುರಂಗ. ಎಲ್ಲಿಗೇ ಹೋಗಿ, ಗಸಿ ತೆಗೆಯುವ ಕ್ರಮವನ್ನು ಮಾತ್ರ ಅವ್ವನಿಗೆ ಬಿಡಿಸಿ ಹೇಳಿ. ಬಾಟಲಿಯೊಳಗೇ ಎರಡನೇ ಸಲ ಹುಳಿ ಬರುತ್ತೆ, ಆಮೇಲೆ ಬಾಟಲಿಯನ್ನು ತಲೆಕೆಳಗಾಗಿ ವಾಲಿಸಿ ಸ್ವಲ್ಪ ಸ್ವಲ್ಪವೇ ತಿರುಗಿಸುತ್ತಾ ಬಂದರೆ ಗಸಿಯೆಲ್ಲ ಕುತ್ತಿಗೆಗೆ ಇಳಿಯುತ್ತೆ. ಆ ಕುತ್ತಿಗೆಯನ್ನಷ್ಟೇ ಹೆಪ್ಪುಗಟ್ಟಿಸಿ ಮುಚ್ಚಳ ತೆಗೆದರೆ ಗಸಿ ಮಂಜಿನ ಗಟ್ಟಿ ಸಮೇತ ತಾನಾಗಿ ಹಾರಿ ಹೊರಬರುತ್ತೆ. ನಮ್ಮ ಭರಣಿಯಲ್ಲಿ ತಳಕ್ಕೆ ಕೂರುತ್ತಲ್ವಾ, ಅದಕ್ಕೆ ಪೂರಾ ಉಲ್ಟಾ.

ವಿರಾಜಪೇಟೆಯವಳು:
ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಗಸಿ ವಿಷಯ ಓದಿ ಹೇಳಿದೆ, ಅವ್ವ ಎರಡು ಸಲ ಓದಿಸಿದರು. ಮೆಟ್ಟಿಲಿದ್ದರೂ ನಿಧಾನ ಇಳಿಯುತ್ತೇನೆ ಅಂತಿದ್ದಾರೆ.