ಡೌನ್‌ಸೈಕ್ಲಿಂಗ್‌ಗೆ ‘ಇಳಿಬಳಕೆ’ ಒಗ್ಗೀತೆ? ಜತೆಗೆ ‘ತ್ಯಾಜ್ಯ’ದ ಬಗ್ಗೆ ಒಂದು ಸಂದೇಹ

ಎಲ್ಲರಿಗೂ ನಮಸ್ಕಾರ.

ಕಸವೇ ಹುಟ್ಟದ ಹಾಗೆ ವಸ್ತುಗಳನ್ನು ರೂಪಿಸುವ ವಿಚಾರವಾಗಿ ಒಂದು ಲೇಖನ ಬರೆಯುತ್ತಿದ್ದೇನೆ. ವಿಷಯ ಕೈಗೆ ಸಿಕ್ಕಿದೆ, ಪದಗಳು ಸಿಗುತ್ತಿಲ್ಲ. ಎಲ್ಲಕ್ಕಿಂತ ಹೆಚ್ಚು ಕಾಡುತ್ತಿರುವುದು ‘ಡೌನ್‌ಸೈಕ್ಲಿಂಗ್’, ಅಂದರೆ ಹಳೆಯ ವಸ್ತುವನ್ನು ಮೊದಲಿಗಿಂತ ಕಡಿಮೆ ಗುಣದ ವಸ್ತುವಾಗಿಸಿ ಬಳಸುವುದು.

ರೀಯೂಸ್‌ಗೂ ರೀಸೈಕ್ಲಿಂಗ್‌ಗೂ ನಾವು ‘ಮರುಬಳಕೆ’ ಎಂದೇ ಬರೆಯುತ್ತೇವೆ. ಗಾಜಿನ ಬಾಟಲಿಯನ್ನು ತೊಳೆದು ಮತ್ತೆ ತುಂಬಿಸಿದರೂ ಮರುಬಳಕೆ, ಕರಗಿಸಿ ಬೇರೆ ಬಾಟಲಿ ಮಾಡಿದರೂ ಮರುಬಳಕೆ. ಇಷ್ಟಕ್ಕೆ ದೊಡ್ಡ ನಷ್ಟವಿಲ್ಲ. ಆದರೆ ಹಳೆಯ ಕಾರಿನ ಗತಿ ನೋಡಿ. ಅದನ್ನು ಜಜ್ಜಿ ಕುಲುಮೆಗೆ ಹಾಕಿದಾಗ ಒಳಗಿನ ವೈರುಗಳ ತಾಮ್ರವೂ ಉಕ್ಕಿನೊಂದಿಗೆ ಕರಗುತ್ತದೆ. ಒಮ್ಮೆ ಬೆರೆತ ತಾಮ್ರವನ್ನು ಬೇರ್ಪಡಿಸುವುದು ಬಹಳ ಕಷ್ಟ. ತಾಮ್ರ ಹೆಚ್ಚಾದ ಉಕ್ಕನ್ನು ಕಾಯಿಸಿ ಲಟ್ಟಿಸುವಾಗ ಮೇಲ್ಮೈ ಬಿರುಕು ಬಿಡುತ್ತದೆ. ಹಾಗಾಗಿ ಅದು ಮತ್ತೆ ಕಾರಿನ ತೆಳು ಹಾಳೆಯಾಗುವ ಬದಲು ಕಟ್ಟಡದ ಕಂಬಿಯಾಗುತ್ತದೆ. ಕಾಗದದ ಕಥೆಯೂ ಅಷ್ಟೆ, ಪ್ರತಿ ಸುತ್ತಿಗೂ ನಾರು ಗಿಡ್ಡವಾಗುತ್ತದೆ. ವಸ್ತು ಉಳಿಯಿತು, ಗುಣ ಇಳಿಯಿತು. ಇದನ್ನೂ ಮರುಬಳಕೆ ಎಂದುಬಿಟ್ಟರೆ ಆ ಇಳಿತ ಓದುಗರ ಕಣ್ಣಿಗೆ ಬೀಳುವುದೇ ಇಲ್ಲ, ಎಲ್ಲವೂ ಒಳ್ಳೆಯದೇ ಆಯಿತು ಅನ್ನಿಸುತ್ತದೆ.

‘ಇಳಿಬಳಕೆ’ ಎಂದು ಬರೆದು ನೋಡಿದೆ. ಇಳಿವಯಸ್ಸು, ಇಳಿಹೊತ್ತು, ಇಳಿಜಾರು ಬಲ್ಲವರ ಕಿವಿಗೆ ಅದು ಪರಕೀಯವಾಗಲಾರದು. ಅಳುಕು ಇರುವುದು ಬೇರೆ ಕಡೆ. ‘ಬಳಕೆ ಇಳಿಯಿತು’ ಎಂದರೆ ಬಳಸುವ ಪ್ರಮಾಣ ಕಡಿಮೆಯಾಯಿತು ಎಂದಲ್ಲವೇ? ‘ಪ್ಲಾಸ್ಟಿಕ್ಕಿನ ಇಳಿಬಳಕೆ’ ಎಂದು ಬರೆದರೆ ಮಿತಬಳಕೆ ಎಂದೇ ತಿಳಿದಾರು. ‘ಕೀಳ್ಬಳಕೆ’ಯಲ್ಲಿ ಬೈಗುಳದ ವಾಸನೆ ಇದೆ. ‘ಅಧೋಗಾಮಿ ಚಕ್ರೀಕರಣ’ ಆಡುವ ಬಾಯಿಗೆ ಒಗ್ಗುವ ಮಾತಲ್ಲ. ಹಳೆಯದನ್ನು ಮೊದಲಿಗಿಂತ ಮೇಲಾದ ವಸ್ತುವಾಗಿಸುವ ಅಪ್‌ಸೈಕ್ಲಿಂಗ್‌ಗಾದರೆ ‘ಕಸದಿಂದ ರಸ’ ಸಿದ್ಧವಾಗಿಯೇ ಇದೆ, ಅದಕ್ಕಿಂತ ಒಳ್ಳೆಯದು ಬೇಕಿಲ್ಲ.

ಇನ್ನು ‘ತ್ಯಾಜ್ಯ’. ವಾಸ್ತುಶಿಲ್ಪಿ ವಿಲಿಯಂ ಮೆಕ್‌ಡೊನಾ ಮತ್ತು ರಸಾಯನವಿಜ್ಞಾನಿ ಮಿಖಾಯೆಲ್ ಬ್ರೌನ್‌ಗಾರ್ಟ್ ಪ್ರಚಾರಕ್ಕೆ ತಂದ ‘ವೇಸ್ಟ್ ಈಕ್ವಲ್ಸ್ ಫುಡ್’ (ಒಂದರ ಕಸ ಇನ್ನೊಂದಕ್ಕೆ ಆಹಾರ) ಎಂಬ ಸೂತ್ರವನ್ನು ‘ತ್ಯಾಜ್ಯವೇ ಖಾದ್ಯ’ ಎಂದು ಮಾಡಿಕೊಂಡೆ. ಪ್ರಾಸವೇನೋ ಕೂಡಿತು. ಆದರೆ ತ್ಯಾಜ್ಯ ಎಂದರೆ ಬಿಡತಕ್ಕದ್ದು, ಖಾದ್ಯ ಎಂದರೆ ತಿನ್ನತಕ್ಕದ್ದು. ಎರಡೂ ವಿಧಿಸುವ ಮಾತುಗಳು. ಬಿಡಬೇಕಾದದ್ದನ್ನೇ ತಿನ್ನಬೇಕು ಎಂದ ಹಾಗಾಯಿತು.

ಇವರಿಬ್ಬರೂ 1990ರ ದಶಕದಲ್ಲಿ ಸ್ವಿಟ್ಜರ್ಲೆಂಡಿನ ಒಂದು ಗಿರಣಿಗೆ ಕುರ್ಚಿಗಳ ಹೊದಿಕೆಯ ಬಟ್ಟೆ ರೂಪಿಸಿಕೊಟ್ಟರು. ಅದಕ್ಕೂ ಮೊದಲು ಅಲ್ಲಿ ಕತ್ತರಿಸಿ ಉಳಿದ ಅಂಚುಗಳನ್ನು ಸರ್ಕಾರ ಅಪಾಯಕಾರಿ ಎಂದು ವರ್ಗೀಕರಿಸಿತ್ತು. ಹೂಳುವಂತೆಯೂ ಇರಲಿಲ್ಲ, ಸುಡುವಂತೆಯೂ ಇರಲಿಲ್ಲ. ಜವಳಿ ಉದ್ಯಮದ ಸುಮಾರು 8,000 ರಾಸಾಯನಿಕಗಳನ್ನು ಜಾಲಾಡಿ ಕೊನೆಗೆ 38ನ್ನು ಮಾತ್ರ ಉಳಿಸಿಕೊಂಡರು. ಆಮೇಲೆ ಅದೇ ಅಂಚುಗಳು ತೋಟದ ಗಿಡಗಳ ಬುಡಕ್ಕೆ ಹೊದಿಕೆಯಾದವು. ಮೊದಲಿನವು ತ್ಯಾಜ್ಯ, ಒಪ್ಪಿದೆ. ಆಮೇಲಿನವು? ಅವನ್ನೂ ತ್ಯಾಜ್ಯ ಎಂದರೆ ಅಷ್ಟು ಜನರ ದುಡಿಮೆಯನ್ನು ಒಂದು ಪದ ಅಳಿಸಿಹಾಕುತ್ತದೆ. ‘ಉಳಿಕೆ’ ಎಂದರೆ ಉಳಿದದ್ದು, ಅಷ್ಟೇ; ಅದರಲ್ಲಿ ತೀರ್ಪಿಲ್ಲ. ‘ಉಳಿಕೆಯೇ ಉಣಿಸು’ ಎಂದರೆ ಹೇಗೆ? ನನಗೆ ಇದು ಹಿಡಿಸಿದೆ. ‘ಉಣಿಸು’ ನಾಮಪದವಾಗಿ ಇಂದಿನವರಿಗೆ ಹೊಳೆದೀತೇ ಎಂಬುದೊಂದೇ ಅನುಮಾನ.

ಅವರಿಬ್ಬರ ಪುಸ್ತಕದ ಹೆಸರಾದ ‘ಕ್ರೇಡಲ್ ಟು ಕ್ರೇಡಲ್’ ಬಗ್ಗೆ ತಕರಾರಿಲ್ಲ. ‘ತೊಟ್ಟಿಲಿನಿಂದ ಚಟ್ಟದವರೆಗೆ’ ನಮ್ಮಲ್ಲಿ ಬಳಕೆಯಲ್ಲಿರುವುದರಿಂದ ‘ತೊಟ್ಟಿಲಿನಿಂದ ತೊಟ್ಟಿಲಿಗೆ’ ಎಂದಾಗ ಚಟ್ಟ ತಪ್ಪಿದ್ದು ತಾನಾಗಿ ತಿಳಿಯುತ್ತದೆ.

ಮತ್ತೆ ‘ಇಳಿಬಳಕೆ’ಗೆ ಬರುತ್ತೇನೆ. ಗುಜರಿ, ಕಾಗದದ ಗಿರಣಿ, ಎರಕದ ಕೆಲಸ ಬಲ್ಲವರು ಇಲ್ಲಿದ್ದರೆ ದಯವಿಟ್ಟು ತಿಳಿಸಿ: ಒಂದು ಸುತ್ತು ಮುಗಿಸಿ ಗುಣ ಇಳಿದ ಮಾಲನ್ನು ಕೆಲಸದ ಜಾಗದಲ್ಲಿ ಏನೆಂದು ಕರೆಯುತ್ತಾರೆ? ಅಂಥದ್ದೊಂದು ಪದ ಆಗಲೇ ಇದ್ದರೆ ನನ್ನದನ್ನು ಸಂತೋಷದಿಂದ ಕೈಬಿಡುತ್ತೇನೆ.