ಸಹಾಯ ಬೇಕು: ಫಿರಂಗಿ ಗಾಡಿಯ ಸ್ಪ್ರಿಂಗ್ ಬಿಗಿಹಿಡಿಯುವುದು ಹೇಗೆ?

ಗೋಣಿಕೊಪ್ಪದಿಂದ ಬರೆಯುತ್ತಿದ್ದೇನೆ. ಅಜ್ಜ ಸೇನೆಯಲ್ಲಿ ಫಿರಂಗಿ ದಳದಲ್ಲಿದ್ದವರು. ಕೊಡವರ ಆಯುಧ ಪೂಜೆಯ ಹಬ್ಬವಾದ ಕೈಲ್ ಪೊಳ್ದ್‌ಗೆ ಮೊದಲು ಅವರಿಗೊಂದು ಫಿರಂಗಿ ಮಾದರಿ ಮಾಡಿಕೊಡುವ ಹಟ ನನ್ನದು. ಅಳತೆ ಆರನೇ ಒಂದು. ಗಾಲಿಗಳಿಗೆ ಪಟ್ಟಿ ಸ್ಪ್ರಿಂಗ್ ಹಾಕಿದ್ದೇನೆ. ಕಾಫಿ ಕಣದಲ್ಲಿ ಎಳೆದಾಡಿದಾಗ ಬಲು ಸೊಗಸಾಗಿ ಓಡಿತು.

ಅಜ್ಜ ಫಿರಂಗಿಯನ್ನು ನೆಲಕ್ಕೆ ಊರುವ ಹಿಂದಿನ ಎರಡು ಕಾಲುಗಳನ್ನು ಅಗಲಿಸಿ, ನಳಿಕೆಯ ಬಾಯಿಗೆ ಅಂಗೈಯಿಂದ ಒಂದು ಗುದ್ದು ಕೊಟ್ಟರು. ಗಾಡಿ ಕೋಳಿಯಂತೆ ಕುಪ್ಪಳಿಸಿತು. "ಎರಡನೇ ಗುಂಡು ಪಕ್ಕದವರ ತೋಟಕ್ಕೆ ಬೀಳುತ್ತದೆ" ಎಂದು ನಕ್ಕರು.

ಅವರ ಮಾತು ಸರಿ. ಕುದುರೆ ಎಳೆಯುತ್ತಿದ್ದ ಕಾಲದ ನಿಧಾನಕ್ಕೆ ಸ್ಪ್ರಿಂಗ್ ಇಲ್ಲದೆಯೂ ನಡೆಯುತ್ತಿತ್ತು. ಲಾರಿಯ ವೇಗಕ್ಕೆ ಅದು ಬೇಕೇ ಬೇಕು. ಆದರೆ ಗುಂಡು ಹಾರಿಸುವಾಗ ಅದೇ ಸ್ಪ್ರಿಂಗ್ ಗುರಿ ಕೆಡಿಸುತ್ತದೆ. ಜರ್ಮನ್ನರ 75 ಮಿಲಿಮೀಟರ್ ಪಾಕ್ 40 ಎಂಬ ಟ್ಯಾಂಕ್ ವಿರೋಧಿ ಫಿರಂಗಿಯಲ್ಲಿ ಕಾಲು ಅಗಲಿಸಿದೊಡನೆ ಸಸ್ಪೆನ್ಷನ್ (ಗಾಲಿಗಳ ಸ್ಪ್ರಿಂಗ್ ವ್ಯವಸ್ಥೆ) ತಾನಾಗಿಯೇ ಬಿಗಿಯಾಗುತ್ತಿತ್ತು. ರಷ್ಯಾದ 122 ಮಿಲಿಮೀಟರ್ ಡಿ-30 ಫಿರಂಗಿಯಲ್ಲಿ ಗಾಲಿಗಳನ್ನೇ ನೆಲದಿಂದ ಎತ್ತಿ, ಮೂರು ಕಾಲುಗಳ ಮೇಲೆ ನಿಲ್ಲಿಸುತ್ತಾರೆ. ಅಲ್ಲಿ ಈ ತಲೆನೋವೇ ಇಲ್ಲ.

ನನಗೆ ಮೊದಲನೆಯದೇ ಬೇಕು. ಕಾಲಿನ ಕೀಲಿಗೆ ಸೇರಿಸಿದ ಪಿನ್ನು ಆಕ್ಸಲ್ ತೋಳಿನ ತೂತಿಗೆ ಇಳಿಯುವಂತೆ ಮಾಡಿದೆ. ಸಮತಟ್ಟಾದ ಮೇಜಿನ ಮೇಲೆ ಕಟಕ್ಕೆಂದು ಕೂರುತ್ತದೆ. ಅಂಗಳದ ಇಳಿಜಾರಿನಲ್ಲಿ (ಕೊಡಗಿನಲ್ಲಿ ಸಮತಟ್ಟು ಎಲ್ಲಿ ಹುಡುಕಲಿ?) ಒಂದು ಗಾಲಿ ಮೇಲೆ, ಇನ್ನೊಂದು ಕೆಳಗೆ; ತೂತು ಸಿಗುವುದೇ ಇಲ್ಲ. ತೂತಿನ ಬದಲು ಹಲ್ಲಿನ ಪಟ್ಟಿ ಹಾಕಲೇ, ಬೆಣೆ ಇಡಲೇ? ತೋಪುಗಳ ದುರಸ್ತಿ ಮಾಡಿದ ಹಿರಿಯರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ. ವಿರಾಜಪೇಟೆ ಕಡೆ ಸಣ್ಣ ಕೆಲಸ ಒಪ್ಪಿಕೊಳ್ಳುವ ಲೇತ್‌ನವರು ಗೊತ್ತಿದ್ದರೆ ಅದನ್ನೂ ಹೇಳಿ.